ಚಿರಂಜೀವಿಗೆ ಒದಗಿದ ಮರಣ: ಏಜಾಕ್ಸ್ ಮತ್ತು ಅಶ್ವತ್ಥಾಮನ್

ಗ್ರೀಕ್ ಪುರಾಣದ ವೀರರಲ್ಲಿ ಅಕಿಲೀಸನ ತರುವಾಯ ಎಣಿಕೆಗೆ ಬರುವವನು ಸಾಲಮಿಸ್ ದ್ವೀಪದ ಏಜಾಕ್ಸ್. ಎತ್ತಿನ ತೊಗಲನ್ನು 7 ಪದರವಾಗಿ ಹೊದಿಸಿದ ಗುರಾಣಿಯೇ ಅವನ ಕುರುಹು. ಟ್ರಾಯ್ ಯುದ್ಧದಲ್ಲಿ ಅಕಿಲೀಸನು ಮಡಿದ ಮೇಲೆ ಆತನ ಆಯುಧಗಳು ತನಗೇ ಸಲ್ಲತಕ್ಕವೆಂದು ಏಜಾಕ್ಸನು ಬಗೆದಿದ್ದನು. ಅವು ಒಡಿಸ್ಯೂಸನ ಪಾಲಾದುವು. ಕನಲಿದ ವೀರನು ಇರುಳಿನಲ್ಲಿ ಸ್ವಪಕ್ಷದ ನಾಯಕರನ್ನೇ ಕೊಲ್ಲಹೊರಟಾಗ ಅಥೀನಾ ದೇವಿ ಅವನ ಬುದ್ಧಿಗೆ ಮಂಕು ಕವಿಸಿದಳು. ಅವನು ಕಡಿದುದು ದನಕುರಿಗಳ ಮಂದೆಯನ್ನು. ಅರಿವು ಮರಳಿದಾಗ ಅಪಮಾನವನ್ನು ತಾಳಲಾರದೆ, ವೈರಿ ಹೆಕ್ಟರನು ಹಿಂದೊಮ್ಮೆ ಕಾಣಿಕೆಯಿತ್ತ ಖಡ್ಗದ ಮೇಲೆಯೇ ಬಿದ್ದು ಪ್ರಾಣ ನೀಗಿದನು.

ಕ್ರಿ.ಪೂ. 5ನೆಯ ಶತಮಾನದ ಸೋಫೋಕ್ಲೀಸನು ಈ ಕಥೆಯನ್ನು ನಾಟಕವಾಗಿಸಿದನು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು (1884–1946) ಅದನ್ನೇ ಮಾದರಿಯಾಗಿರಿಸಿಕೊಂಡು ಹಳಗನ್ನಡದಲ್ಲಿ ರಚಿಸಿದ ಕೃತಿ 1929ರ ‘ಅಶ್ವತ್ಥಾಮನ್’. ಏಜಾಕ್ಸನ ಮಡದಿ ಟೆಕ್ಮೆಸ್ಸಳ ಎಡೆಯಲ್ಲಿ ಭಾರ್ಗವಿ, ತಮ್ಮನಾದ ಟ್ಯೂಸರನ ಎಡೆಯಲ್ಲಿ ಏಕಲವ್ಯ ಬಂದರು. ಈ ಆಯ್ಕೆ ಆಕಸ್ಮಿಕವಲ್ಲ. ಸೌಪ್ತಿಕ ಪರ್ವದಲ್ಲಿಯೂ ಇರುಳಿನ ಕೊಲೆಯಿದೆ, ಶಿವನಿತ್ತ ಖಡ್ಗವಿದೆ, ವೀರನ ಮೈದುಂಬಿದ ದೈವವಿದೆ.

ಆದರೆ ಒಂದು ಆಕ್ಷೇಪವು ಸಹಜವಾಗಿಯೇ ಏಳುತ್ತದೆ. 7 ಮಂದಿ ಚಿರಂಜೀವಿಗಳಲ್ಲಿ ಮೊದಲು ಹೇಳುವ ಹೆಸರೇ ಅಶ್ವತ್ಥಾಮನದು. ವ್ಯಾಸರಲ್ಲಿ ಅವನಿಗೆ ಸಾವಿಲ್ಲದಿರುವುದೇ ಶಿಕ್ಷೆ. ಮಣಿಯನ್ನು ಕಳೆದುಕೊಂಡು 3000 ವರ್ಷ ಒಂಟಿಯಾಗಿ ಅಲೆಯಬೇಕೆಂಬುದು ಕೃಷ್ಣನ ಶಾಪ. ಅಂತಹವನನ್ನು ಸಾಯಿಸಬಹುದೆ? ಉತ್ತರವು ನಾಟಕದ ರಚನೆಯಲ್ಲಿದೆ. ಗ್ರೀಕ್ ಮೂಲದಲ್ಲಿ ನಾಯಕನು ಸತ್ತ ಬಳಿಕವೂ ನಾಟಕದ ಮೂರನೆಯ ಒಂದು ಪಾಲಿಗೂ ಮಿಕ್ಕ ಭಾಗ ಉಳಿಯುತ್ತದೆ. ಶವಸಂಸ್ಕಾರವಾಗಕೂಡದೆಂದು ಮೆನೆಲೌಸ್ ಮತ್ತು ಅಗಮೆಮ್ನಾನ್ ಹಟ ಹಿಡಿಯಲು, ಸತ್ತವನ ಪರವಾಗಿ ವಾದಿಸಿ ಗೆಲ್ಲುವವನು ಅವನ ಹಗೆಯಾದ ಒಡಿಸ್ಯೂಸನೇ. ಮರಣವಿಲ್ಲದಿದ್ದರೆ ಈ ಔದಾರ್ಯಕ್ಕೆ ಅವಕಾಶವೇ ಇಲ್ಲ. ಶಾಪವು ಹೊರಗಿನಿಂದ ಬಂದ ತೀರ್ಪು. ಏಜಾಕ್ಸನ ಸಾವು ತನಗೆ ತಾನೇ ವಿಧಿಸಿಕೊಂಡದ್ದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಶ್ರೀಯವರ ಸಾಹಸದ ಬೆಲೆ ತಿಳಿಯುವುದು.

ಪಾಠ ಹೇಳುವವರು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಎಳೆಯ ವಿದ್ಯಾರ್ಥಿಗಳು ಆ ಸಾವನ್ನು ಶೌರ್ಯದ ಮುಕುಟವೆಂದು ಭ್ರಮಿಸುವ ಸಂಭವವುಂಟು. ಸೋಫೋಕ್ಲೀಸನು ಹಾಗೆ ಹೇಳಿಲ್ಲ. ಮುಪ್ಪಿನ ತಂದೆತಾಯಿಗಳನ್ನೂ ಅನಾಥನಾಗಲಿರುವ ಮಗುವನ್ನೂ ನೆನಪಿಸಿ ಟೆಕ್ಮೆಸ್ಸಳು ಬೇಡುವ ಮಾತಿಗೆ ಏಜಾಕ್ಸನಲ್ಲಿ ಸರಿಯಾದ ಉತ್ತರವಿಲ್ಲ. ತನ್ನ ಮಾನವೊಂದನ್ನೇ ಕಂಡವನು ತನ್ನನ್ನು ನಂಬಿದವರನ್ನು ಕಾಣದೆ ಹೋದನು. ಮಡಿದ ವೀರನಿಗೆ ಸಲ್ಲುವ ಗೌರವ ಒಂದು, ಅವನ ಕೃತ್ಯಕ್ಕೆ ಸಮ್ಮತಿ ಇನ್ನೊಂದು. ಆದುದರಿಂದ ಈ ನಾಟಕವನ್ನು ಬೋಧಿಸುವಾಗ ವೀರನ ಮಾತುಗಳನ್ನು ಓದಿಸುವಷ್ಟೇ ಶ್ರದ್ಧೆಯಿಂದ ಮಡದಿಯ ಮಾತುಗಳನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಿಸುವುದು ಅವಶ್ಯ.