ಅಗ್ಗಿಷ್ಟಿಕೆಯ ಮುಂಚೌಕಟ್ಟು: ಸಾಮಗ್ರಿ ಮತ್ತು ಶೈಲಿಯ ಆಯ್ಕೆ

ಕಲ್ಲು, ಹಂಚು, ಮರಗೆಲಸದ ಉದ್ಯಮಿಗಳಿಗೆ ಒಂದು ಅಭ್ಯಾಸ ಲೇಖನ

ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಬೆಟ್ಟಸಾಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಹಾಗೂ ಡಿಸೆಂಬರ್, ಜನವರಿಯ ಚಳಿ ಮನೆಯೊಳಗೆ ಬೆಂಕಿಯ ಕಾವನ್ನು ಬೇಡುತ್ತವೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಈ ಅಗತ್ಯವನ್ನು ಬಚ್ಚಲ ಹಂಡೆಯ ಒಲೆಯೇ ಪೂರೈಸುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಂಜರಾಬಾದ್ ಸೀಮೆಗೆ ಕಾಫಿ ಬೆಳೆಯಲು ಬಂದ ಐರೋಪ್ಯ ತೋಟಗಾರರ ಮೂಲಕ ಗೋಡೆಯೊಳಗಿನ ಅಗ್ಗಿಷ್ಟಿಕೆ, ಅಂದರೆ ಫೈರ್‌ಪ್ಲೇಸ್, ಇಲ್ಲಿಗೆ ಪರಿಚಿತವಾಯಿತು. ಇಂದು ವನಗೂರು, ಹೆತ್ತೂರು, ಬಿಸಿಲೆ ಕಡೆಯ ತೋಟದ ಮನೆಗೋ ಹೋಂಸ್ಟೇಗೋ ಅಗ್ಗಿಷ್ಟಿಕೆ ಬೇಕೆಂದು ಬರುವ ಗ್ರಾಹಕರು ಸಾಮಾನ್ಯವಾಗಿ ಒಂದು ಚಿತ್ರವನ್ನು ತೋರಿಸಿ, ಅದರಂತೆಯೇ ಆಗಬೇಕೆಂದು ಕೇಳುತ್ತಾರೆ.

ತೊಡಕು ಆರಂಭವಾಗುವುದು ಇಲ್ಲಿಯೇ. ಕಲ್ಲಿನ ವ್ಯಾಪಾರಿಯು ಚಪ್ಪಡಿಯನ್ನು ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. ಬಡಗಿಯು ಹಲಗೆಯನ್ನು ಕೂರಿಸುತ್ತಾರೆ. ಮೇಸ್ತ್ರಿಯು ಗಾರೆ ಹಾಕಿ ಮುಗಿಸುತ್ತಾರೆ. ಇಡೀ ಕೆಲಸದ ಹೊಣೆ ಯಾರದೂ ಆಗಿರುವುದಿಲ್ಲ. ಪರಿಣಾಮವಾಗಿ ಒಂದೇ ಚಳಿಗಾಲದಲ್ಲಿ ಚಪ್ಪಡಿ ಸೀಳಬಹುದು, ಹಲಗೆ ಕರಕಲಾಗಬಹುದು. ಅದಕ್ಕಿಂತ ಮಿಗಿಲಾಗಿ, ಮರದ ಛಾವಣಿಯುಳ್ಳ ಮನೆಯಲ್ಲಿ ಮಲಗಿದವರ ಪ್ರಾಣಕ್ಕೆ ಸಂಚಕಾರ ಬರಬಹುದು. ಆದುದರಿಂದ ಈ ವ್ಯಾಪಾರದಲ್ಲಿ ಒಂದು ಸೂತ್ರವನ್ನು ಪಾಲಿಸುವುದು ಅಪೇಕ್ಷಣೀಯ: ಶೈಲಿಯನ್ನು ಗ್ರಾಹಕರು ಆರಿಸಲಿ, ಯಾವ ವಸ್ತು ಬೆಂಕಿಗೆ ಎಷ್ಟು ಸಮೀಪದಲ್ಲಿರಬೇಕು ಎಂಬುದನ್ನು ವ್ಯಾಪಾರಿಯೇ ನಿರ್ಧರಿಸಲಿ.

ನಾಲ್ಕು ವಲಯಗಳು

ಅಗ್ಗಿಷ್ಟಿಕೆಯನ್ನು ಶಾಖದ ದೃಷ್ಟಿಯಿಂದ ನಾಲ್ಕು ವಲಯಗಳಾಗಿ ವಿಂಗಡಿಸಬಹುದು.

1. ಬೆಂಕಿಗೂಡು: ಸೌದೆ ಉರಿಯುವ ಒಳಭಾಗ. ಇಲ್ಲಿ ಅಗ್ನಿನಿರೋಧಕ ಇಟ್ಟಿಗೆ ಮತ್ತು ಅಗ್ನಿಮಣ್ಣಿನ ಗಾರೆಗೆ ಮಾತ್ರ ಸ್ಥಾನ. ಸಾಮಾನ್ಯ ಸಿಮೆಂಟು ಗಾರೆ ಇಲ್ಲಿ ಬಹುಕಾಲ ನಿಲ್ಲದು.

2. ಒಳಪಟ್ಟಿ: ಗೂಡಿನ ಬಾಯಿಯ ಸುತ್ತಲಿನ ಮೊದಲ 6 ಅಂಗುಲ. ನೇರ ಜ್ವಾಲೆ ತಾಗದಿದ್ದರೂ ಶಾಖ ತೀವ್ರ. ಉರಿಯಬಲ್ಲ ಯಾವ ವಸ್ತುವೂ ಇಲ್ಲಿ ಸಲ್ಲದು.

3. ಮುಂಚೌಕಟ್ಟು: ಒಳಪಟ್ಟಿಯ ಆಚೆಗಿನ ಕಂಬ ಮತ್ತು ಅಡ್ಡಪಟ್ಟಿ. ಗ್ರಾಹಕರ ಕಣ್ಣಿಗೆ ಬೀಳುವ ಭಾಗ ಇದೇ. ಇದರ ಮೇಲಿನ ಹಲಗೆಯೂ ಇದಕ್ಕೇ ಸೇರಿದುದು.

4. ಮುಂಗಟ್ಟೆ: ಗೂಡಿನ ಎದುರಿಗೆ ನೆಲದ ಮೇಲಿನ ಹಾಸು. ಸಿಡಿದ ಕೆಂಡ ಬೀಳುವ ಸ್ಥಳ.

ಅಂದಾಜುಪಟ್ಟಿಯಲ್ಲಿ ಈ ನಾಲ್ಕನ್ನೂ ಪ್ರತ್ಯೇಕವಾಗಿ ನಮೂದಿಸಿದರೆ ಅರ್ಧದಷ್ಟು ಗೊಂದಲ ಅಲ್ಲಿಯೇ ನಿವಾರಣೆಯಾಗುತ್ತದೆ.

ಅಳತೆಯ ಲೆಕ್ಕ

ನಮ್ಮ ದೇಶದಲ್ಲಿ ಹೊಗೆಗೂಡು ಮತ್ತು ಒಲೆಕಟ್ಟೆಗಳ ಅಗ್ನಿಸುರಕ್ಷತೆಗಾಗಿ ಐಎಸ್ 1645 ಎಂಬ ಮಾನಕವಿದೆ. ಮುಂಚೌಕಟ್ಟಿನ ವಿವರಗಳಿಗೆ ಅಮೆರಿಕದ ವಸತಿ ಕಟ್ಟಡ ಸಂಹಿತೆಯ ಅಳತೆಗಳು ಸರಳವಾಗಿದ್ದು, ನಮ್ಮಲ್ಲಿಯೂ ಅನುಸರಿಸಲು ಯೋಗ್ಯವಾಗಿವೆ. ಅವುಗಳ ಸಾರ ಹೀಗಿದೆ: ಬಾಯಿಯಿಂದ 6 ಅಂಗುಲದೊಳಗೆ ಮರ ಇರಕೂಡದು. 6ರಿಂದ 12 ಅಂಗುಲದ ನಡುವೆ ಮರವಿದ್ದರೆ, ಬಾಯಿಯಿಂದ ಪ್ರತಿ 1 ಅಂಗುಲ ದೂರಕ್ಕೆ ಅಂಗುಲದ ಎಂಟನೆಯ ಒಂದು ಭಾಗದಷ್ಟು ಮಾತ್ರ ಅದು ಮುಂದಕ್ಕೆ ಚಾಚಬಹುದು. ಬಾಯಿಯ ವಿಸ್ತೀರ್ಣ 6 ಚದರಡಿಗಿಂತ ಕಡಿಮೆಯಿದ್ದರೆ ಮುಂಗಟ್ಟೆ ಮುಂದಕ್ಕೆ 16 ಅಂಗುಲ, ಎರಡೂ ಪಕ್ಕಗಳಲ್ಲಿ 8 ಅಂಗುಲ ಇರಬೇಕು; 6 ಚದರಡಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕ್ರಮವಾಗಿ 20 ಮತ್ತು 12 ಅಂಗುಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಾಯಿಯ ಅಗಲ 36 ಅಂಗುಲ, ಎತ್ತರ 30 ಅಂಗುಲ ಎಂದಿರಲಿ. ವಿಸ್ತೀರ್ಣ 1,080 ಚದರಂಗುಲ, ಅಂದರೆ ಏಳೂವರೆ ಚದರಡಿ. ಆದ್ದರಿಂದ ಮುಂಗಟ್ಟೆಯ ಚಪ್ಪಡಿ 60 ಅಂಗುಲ ಉದ್ದ, 20 ಅಂಗುಲ ಅಗಲ ಇರಬೇಕು. ಹೊಗೆಕೊಳವೆಯ ಒಳವಿಸ್ತೀರ್ಣ ಬಾಯಿಯ ಹತ್ತನೆಯ ಒಂದು ಭಾಗ ಎಂಬುದು ರೂಢಿಯ ಲೆಕ್ಕ. ಅದರಂತೆ 108 ಚದರಂಗುಲ, ಎಂದರೆ 9 ಅಂಗುಲಕ್ಕೆ 12 ಅಂಗುಲ. ಮುಂಗಟ್ಟೆಯು ನೆಲಮಟ್ಟದಲ್ಲಿದ್ದು, 8 ಅಂಗುಲ ಚಾಚುವ ಮರದ ಮೇಲ್ಹಲಗೆ ಬೇಕೆಂದರೆ, ಅದು ಬಾಯಿಯಿಂದ 12 ಅಂಗುಲ ಮೇಲೆ, ಅಂದರೆ ನೆಲದಿಂದ ಕನಿಷ್ಠ 42 ಅಂಗುಲ ಎತ್ತರದಲ್ಲಿರಬೇಕು. ಇನ್ನೆರಡು ಅಂಗುಲ ಹೆಚ್ಚಿಗೆ ಬಿಟ್ಟರೆ ಮತ್ತಷ್ಟು ಕ್ಷೇಮ.

ಗೂಡಿನ ಆಕಾರದ ಬಗ್ಗೆಯೂ ಒಂದು ಮಾತು ಅಗತ್ಯ. ಕೌಂಟ್ ರಮ್‌ಫರ್ಡ್ ಎಂದು ಪ್ರಸಿದ್ಧನಾದ ಬೆಂಜಮಿನ್ ಥಾಮ್ಸನ್ 1790ರ ದಶಕದಲ್ಲಿಯೇ ಆಳ ಕಡಿಮೆಯಿರುವ, ಪಕ್ಕದ ಗೋಡೆಗಳು ಓರೆಯಾಗಿರುವ ಗೂಡು ಕೋಣೆಗೆ ಹೆಚ್ಚು ಕಾವನ್ನು ಕೊಡುತ್ತದೆಂದು ತೋರಿಸಿದನು. ಆಳವಾದ ಚೌಕ ಪೆಟ್ಟಿಗೆಯಂತಹ ಗೂಡಿನಲ್ಲಿ ಶಾಖದ ಬಹುಪಾಲು ಹೊಗೆಯೊಡನೆ ಮೇಲೆ ಹೋಗುತ್ತದೆ.

ಸಾಮಗ್ರಿಗಳ ಗುಣಾವಗುಣ

ಬಳಪದ ಕಲ್ಲು: ಹಾಸನ ಜಿಲ್ಲೆಯವರಿಗೆ ಈ ಕಲ್ಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಲೂರು, ಹಳೇಬೀಡುಗಳ ಶಿಲ್ಪಕ್ಕೆ ಬಳಕೆಯಾದುದು ಈ ಜಾತಿಯ ಮೃದುಶಿಲೆಯೇ. ಇದರ ಇನ್ನೊಂದು ಗುಣ ನಮ್ಮಲ್ಲಿ ಅಷ್ಟಾಗಿ ಬಳಕೆಗೆ ಬಂದಿಲ್ಲ: ಇದು ಶಾಖವನ್ನು ಹೀರಿ, ಬೆಂಕಿ ಆರಿದ ಬಳಿಕವೂ ನಿಧಾನವಾಗಿ ಹೊರಬಿಡುತ್ತದೆ. ಫಿನ್ಲೆಂಡ್ ದೇಶದಲ್ಲಿ ಇಡೀ ಒಲೆಗಳನ್ನೇ ಬಳಪದ ಕಲ್ಲಿನಿಂದ ತಯಾರಿಸಿ ರಫ್ತು ಮಾಡುವ ಉದ್ಯಮ ಬೆಳೆದಿರುವುದು ಗಮನಾರ್ಹ. ಒಳಪಟ್ಟಿಗೂ ಮುಂಚೌಕಟ್ಟಿಗೂ ಇದಕ್ಕಿಂತ ಒಪ್ಪುವ ಕಲ್ಲು ವಿರಳ. ಆದರೆ ಎಲ್ಲ ಗಣಿಯ ಕಲ್ಲೂ ಒಂದೇ ತೆರನಾಗಿರುವುದಿಲ್ಲ. ಪದರು ಪದರಾಗಿರುವ ಕಲ್ಲು ಕಾವಿಗೆ ಸಿಪ್ಪೆ ಏಳಬಹುದು. ಖರೀದಿಗೆ ಮುನ್ನ ತುಂಡೊಂದನ್ನು ಕಾಯಿಸಿ, ತಾನಾಗಿಯೇ ಆರಲು ಬಿಟ್ಟು, ಬಿರುಕನ್ನು ಪರೀಕ್ಷಿಸತಕ್ಕದ್ದು. ಗೀರು ಬೇಗ ಬೀಳುವುದರಿಂದ ಮುಂಗಟ್ಟೆಗೆ ಇದು ಅಷ್ಟು ಸೂಕ್ತವಲ್ಲ.

ಗ್ರಾನೈಟ್: ಹಾಸನ್ ಗ್ರೀನ್ ಎಂಬ ವ್ಯಾಪಾರಿ ಹೆಸರಿನ ಹಸಿರು ಕಲ್ಲು ಜಿಲ್ಲೆಯದೇ, ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಕಲ್ಲುಗಳು ರಾಜ್ಯದಲ್ಲಿಯೇ ದೊರೆಯುತ್ತವೆ. ಮುಂಚೌಕಟ್ಟು ಮತ್ತು ಮುಂಗಟ್ಟೆಗೆ ಇವು ಉತ್ತಮ. ಬೆಂಕಿಗೂಡಿನೊಳಗೆ ಸರ್ವಥಾ ಸಲ್ಲವು. ಕಾರಣ ಕಲ್ಲಿನ ಉದ್ಯಮಿಗಳಿಗೆ ಹೊಸದೇನಲ್ಲ. ಫ್ಲೇಮ್ಡ್ ಫಿನಿಷ್ ಮಾಡುವಾಗ ಜ್ವಾಲೆ ತಾಗಿದೊಡನೆ ಮೇಲ್ಮೈ ಚೂರು ಚೂರಾಗಿ ಸಿಡಿಯುವುದನ್ನು ಅವರು ದಿನವೂ ಕಾಣುತ್ತಾರೆ. ಅದೇ ಕ್ರಿಯೆ ಗೂಡಿನೊಳಗೆ ನಿಯಂತ್ರಣವಿಲ್ಲದೆ ನಡೆಯುತ್ತದೆ. ಕಲ್ಲಿನೊಳಗಿನ ಸ್ಫಟಿಕ ಶಿಲಾಂಶವು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೂಪ ಬದಲಿಸಿ ಹಿಗ್ಗುವುದೂ ಬಿರುಕಿಗೆ ಕಾರಣ. ಇದಲ್ಲದೆ, ಬಿರುಕು ತುಂಬಲು ರಾಳ ಹಾಕಿದ, ಹಿಂಬದಿಗೆ ಬಲೆ ಅಂಟಿಸಿದ ಚಪ್ಪಡಿಗಳನ್ನು ಒಳಪಟ್ಟಿಗೆ ಬಳಸಕೂಡದು.

ಮುರಕಲ್ಲು: ಕರಾವಳಿಯಿಂದ ಘಟ್ಟವೇರಿ ಬರುವ ಈ ಕೆಂಪು ಜಂಬಿಟ್ಟಿಗೆ ಕಲ್ಲು ನೋಟಕ್ಕೆ ಸೊಗಸು, ಬೆಲೆಗೆ ಹಗುರ. ಆದರೆ ಇದು ರಂಧ್ರಮಯವಾದುದು. ಮಳೆಗಾಲದ ತೇವವನ್ನು ಹೀರಿಕೊಂಡ ಕಲ್ಲಿಗೆ ಒಮ್ಮೆಲೇ ಜೋರು ಬೆಂಕಿ ತಗುಲಿದರೆ ಒಳಗಿನ ನೀರು ಆವಿಯಾಗಿ ಕಲ್ಲನ್ನು ಒಡೆಯುವ ಸಂಭವವಿದೆ. ರಂಧ್ರಗಳಲ್ಲಿ ಕೂತ ಮಸಿಯನ್ನು ತೆಗೆಯುವುದೂ ಕಷ್ಟ. ಹೊರಚೌಕಟ್ಟಿಗೆ ಮಾತ್ರ ಬಳಸಿ, ಒಳಪಟ್ಟಿಗೆ ಬೇರೆ ವಸ್ತುವನ್ನು ಕೊಡುವುದು ಸೂಕ್ತ.

ಶಹಾಬಾದ್, ಕಡಪ ಮತ್ತು ಅಮೃತಶಿಲೆ: ಮೂರೂ ಸುಣ್ಣದ ಅಂಶವುಳ್ಳವು. ಮೊದಲೆರಡು ಕಾವಿಗೆ ಪದರು ಬಿಡಬಹುದು; ಅಮೃತಶಿಲೆಯಲ್ಲಿ ಮಸಿಯ ಕಲೆ ಉಳಿಯುತ್ತದೆ. ಒಂದು ಹನಿ ನಿಂಬೆರಸ ಹಾಕಿದಾಗ ನೊರೆ ಬಂದರೆ ಅಥವಾ ಹೊಳಪು ಮಾಸಿದರೆ ಅದು ಸುಣ್ಣದ ಕಲ್ಲೆಂದು ತಿಳಿಯತಕ್ಕದ್ದು.

ಕೃತಕ ಸ್ಫಟಿಕ ಚಪ್ಪಡಿ: ಅಡುಗೆ ಕಟ್ಟೆಗೆ ಜನಪ್ರಿಯವಾಗಿರುವ ಕ್ವಾರ್ಟ್ಜ್ ಚಪ್ಪಡಿಯಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿಡುವುದು ರಾಳ. ಸುಮಾರು 150 ಡಿಗ್ರಿ ಶಾಖಕ್ಕೆ ಅದು ಬಣ್ಣಗೆಡಬಲ್ಲದು. ಗ್ರಾಹಕರು ಆಗ್ರಹಿಸಿದರೂ ಸೌದೆಯ ಅಗ್ಗಿಷ್ಟಿಕೆಗೆ ಇದನ್ನು ಕೊಡದಿರುವುದೇ ಒಳಿತು.

ಇಟ್ಟಿಗೆ ಮತ್ತು ಹಂಚು: ಒಮ್ಮೆ ಆವಿಗೆಯಲ್ಲಿ ಬೆಂದ ವಸ್ತು ಒಳಪಟ್ಟಿಯ ಶಾಖಕ್ಕೆ ಹೆದರುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮವು ಘಟ್ಟದ ಮೇಲಿನ ಮನೆಗಳ ಛಾವಣಿಯನ್ನೂ ಆವರಿಸಿತು. ಕೆಡವಿದ ಹಳೆಯ ಮನೆಗಳ ನೆಲಹಂಚು, ಚೆನ್ನಾಗಿ ಬೆಂದ ಇಟ್ಟಿಗೆಗಳನ್ನು ಆಯ್ದು, ತಿಕ್ಕಿ, ಒಳಪಟ್ಟಿಗೆ ಒದಗಿಸುವುದು ಸಣ್ಣ ವ್ಯಾಪಾರಿಗೆ ಕಡಿಮೆ ಬಂಡವಾಳದ ಕಸುಬಾಗಬಲ್ಲದು.

ಮರ: ಮೇಲ್ಹಲಗೆಗೆ ಹಲಸು, ತೇಗ, ಚೆನ್ನಾಗಿ ಒಣಗಿದ ಸಿಲ್ವರ್ ಓಕ್ ಯೋಗ್ಯವಾಗಿವೆ. ಬೀಟೆ ಮರವನ್ನು ಅರಣ್ಯ ಇಲಾಖೆಯ ಕಾಗದಪತ್ರವಿಲ್ಲದೆ ಕೊಳ್ಳಲಾಗದು. ವರ್ಷಗಟ್ಟಲೆ ಮಂದ ಶಾಖ ತಾಗಿದ ಮರವು ಹೊಸ ಮರಕ್ಕಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳಬಲ್ಲದು ಎಂಬುದನ್ನು ಗ್ರಾಹಕರಿಗೆ ತಿಳಿಸಬೇಕು. ಇಷ್ಟು ವರ್ಷ ಏನೂ ಆಗಲಿಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲುವುದಿಲ್ಲ.

ಜೋಡಣೆಯಲ್ಲಿ ಗಮನಿಸಬೇಕಾದುವು

ಬಾಯಿಯ ಮೇಲಿನ ಗೋಡೆಯ ಭಾರವನ್ನು ಪ್ರತ್ಯೇಕ ತೊಲೆಗಲ್ಲು ಅಥವಾ ಕಬ್ಬಿಣದ ಆಂಗಲ್ ಹೊರಬೇಕು. ಮುಂಚೌಕಟ್ಟು ಕೇವಲ ಹೊದಿಕೆಯಾಗಿರಬೇಕು. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಒಂದು ಚದರ ಮೀಟರಿಗೆ ಸುಮಾರು 54 ಕಿಲೋ, 30 ಮಿಲಿಮೀಟರಿನದು ಸುಮಾರು 81 ಕಿಲೋ ತೂಗುತ್ತದೆ. ಇಷ್ಟು ಭಾರವನ್ನು ಅಂಟಿನ ಮೇಲೆ ನಂಬಿ ಬಿಡಲಾಗದು; ತುಕ್ಕು ಹಿಡಿಯದ ಉಕ್ಕಿನ ಮೊಳೆಗಳಿಂದ ಗೋಡೆಗೆ ಬಿಗಿಯಬೇಕು. ಅಮೃತಶಿಲೆಗೆ ಬಳಸುವ ರಾಳದ ಅಂಟು ಕಾವಿಗೆ ಮೆತ್ತಗಾಗುವುದರಿಂದ ಒಳಪಟ್ಟಿಯಲ್ಲಿ ಅದನ್ನು ಬಳಸಕೂಡದು.

ಬೆಂಕಿಗೂಡಿನ ಇಟ್ಟಿಗೆಗೂ ಚೌಕಟ್ಟಿನ ಕಲ್ಲಿಗೂ ನಡುವೆ 3 ಮಿಲಿಮೀಟರಿನಷ್ಟು ಸಂದು ಬಿಟ್ಟು, ಸೆರಾಮಿಕ್ ನಾರಿನ ಹಗ್ಗವನ್ನು ತುಂಬುವುದು ಉತ್ತಮ. ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ, ಸಂದಿಲ್ಲದೆ ಗಾರೆ ತುಂಬಿದರೆ ಬಲಹೀನವಾದುದು ಬಿರಿಯುತ್ತದೆ. ಛಾವಣಿಯ ಪಕಾಸಿ, ರೀಪುಗಳು ಹೊಗೆಗೂಡಿನ ಗೋಡೆಯಿಂದ 2 ಅಂಗುಲವಾದರೂ ದೂರವಿರಬೇಕು.

ಶೈಲಿಯ ಆಯ್ಕೆ

ನಮ್ಮ ಭಾಗದ ಮನೆಗಳಿಗೆ ಮೂರು ಶೈಲಿಗಳು ಸಹಜವಾಗಿ ಹೊಂದುತ್ತವೆ. ಮೊದಲನೆಯದು ತೋಟದ ಬಂಗಲೆಯ ಶೈಲಿ: ಗಾರೆಯ ಸಾದಾ ಕಂಬಗಳು, ಹಂಚಿನ ಒಳಪಟ್ಟಿ, ಅಗಲವಾದ ಮರದ ಮೇಲ್ಹಲಗೆ, ರೆಡ್ ಆಕ್ಸೈಡ್ ನೆಲಕ್ಕೆ ಒಪ್ಪುವ ಮುಂಗಟ್ಟೆ. ಎರಡನೆಯದು ಮಲೆನಾಡಿನ ತೊಟ್ಟಿಮನೆಯ ಶೈಲಿ: ಒರಟು ಕಲ್ಲಿನ ಕಂಬಗಳು, ಅದರ ಮೇಲೆ ಒಂದೇ ಕಲ್ಲಿನ ಅಡ್ಡತೊಲೆ. ಮೂರನೆಯದು ಬಳಪದ ಕಲ್ಲಿನ ಕೆತ್ತನೆಯ ಶೈಲಿ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಕೆತ್ತನೆಯ ಹೆಸರು ದೂರದೂರಿಗೂ ಮುಟ್ಟಿದೆ. ಆದರೆ ದೇವತಾಮೂರ್ತಿಗಳನ್ನು ಮಸಿ ಹಿಡಿಯುವ ಜಾಗದಲ್ಲಿ ಕೆತ್ತಿಸುವುದು ಉಚಿತವಲ್ಲ. ಬಳ್ಳಿಸುರುಳಿ, ಹಂಸಪಂಕ್ತಿ, ಕಡೆದ ಕಂಬದ ಬಳೆಗಳು ಸಾಕು. ನಮ್ಮ ಕುಶಲಕರ್ಮಿಗಳಿಗೂ ಇದರಿಂದ ಕೆಲಸ ದೊರೆಯುತ್ತದೆ.

ಕೋಣೆ ಚಿಕ್ಕದಿದ್ದರೆ ಕೆತ್ತನೆ ಕಡಿಮೆಯಿರಲಿ. ಆಳವಾದ ಕೆತ್ತನೆಯಲ್ಲಿ ಮಸಿ ಮತ್ತು ಧೂಳು ಕೂರುವುದರಿಂದ ಒಳಪಟ್ಟಿ ಯಾವ ಶೈಲಿಯಲ್ಲಿಯೂ ನುಣುಪಾಗಿರಬೇಕು.

ಮಳೆ, ಸೌದೆ ಮತ್ತು ಹೊಗೆ

ವನಗೂರಿನಂತಹ ಊರಿನಲ್ಲಿ ಮುಂಚೌಕಟ್ಟಿನ ಆಯುಷ್ಯವನ್ನು ನಿರ್ಧರಿಸುವುದು ಬೆಂಕಿಗಿಂತ ಹೆಚ್ಚಾಗಿ ಮಳೆ. ಹೊಗೆಗೂಡಿನ ತುದಿಗೆ ಮುಚ್ಚಳವಿಲ್ಲದಿದ್ದರೆ, ಹಂಚಿನ ಛಾವಣಿಯನ್ನು ಅದು ಸೇರುವ ಕಡೆ ತಗಡಿನ ಅಂಚುಪಟ್ಟಿ ಇಲ್ಲದಿದ್ದರೆ, ನೀರು ಒಳಗೋಡೆಯಲ್ಲಿ ಇಳಿದು ಚೌಕಟ್ಟಿನ ಕಲ್ಲಿಗೆ ಕಂದು ಕಲೆ ತರುತ್ತದೆ. ಹೊಗೆಗೂಡು ಛಾವಣಿಯನ್ನು ದಾಟುವಲ್ಲಿಂದ 3 ಅಡಿ ಮೇಲಕ್ಕೂ, 10 ಅಡಿ ದೂರದೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರಕ್ಕೂ ಇರಬೇಕೆಂಬುದು ನಿಯಮ.

ತೋಟದಲ್ಲಿ ಕಾಫಿ ಗಿಡದ ಬೊಡ್ಡೆ, ನೆರಳು ಮರದ ಕೊಂಬೆ ಹೇರಳ. ಹಸಿ ಸೌದೆ ಉರಿದಾಗ ಟಾರಿನಂತಹ ಜಿಡ್ಡು ಕೊಳವೆಯಲ್ಲಿ ಹೆಪ್ಪುಗಟ್ಟಿ, ಮುಂದೊಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ತೇವಾಂಶ ಶೇ. 20ಕ್ಕಿಂತ ಕಡಿಮೆಯಿರುವ ಸೌದೆಯನ್ನೇ ಬಳಸಬೇಕು. ವರ್ಷಕ್ಕೊಮ್ಮೆ ಕೊಳವೆಯನ್ನು ಗುಡಿಸಬೇಕು. ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಹೊಗೆ ಮೇಲೇರದೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಂಡರೆ ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊರಗಾಳಿ ಬರಲು ಒಂದು ಕಿಂಡಿ ಹಾಗೂ ಈ ಅನಿಲವನ್ನು ಗುರುತಿಸುವ ಎಚ್ಚರಿಕೆ ಗಂಟೆ ಪ್ರತಿಯೊಂದು ಅಂದಾಜುಪಟ್ಟಿಯಲ್ಲಿಯೂ ಇರಲೇಬೇಕು. ಪ್ರವಾಸಿಗರು ತಂಗುವ ಮಲಗುವ ಕೋಣೆಗಳಿಗೆ ಸೌದೆಯ ಅಗ್ಗಿಷ್ಟಿಕೆಯ ಬದಲು ವಿದ್ಯುತ್ ಹೀಟರನ್ನು ಸೂಚಿಸುವುದು ವಿವೇಕ.

ವ್ಯಾಪಾರಿಯ ಹೊಣೆ

2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವನ್ನು ಒಳಗೊಂಡಿದೆ. ದೋಷಪೂರಿತ ಸರಕು ಅಥವಾ ಸೇವೆಯಿಂದ ಹಾನಿಯಾದಲ್ಲಿ ತಯಾರಕರು, ಮಾರಾಟಗಾರರು ಮತ್ತು ಸೇವೆ ನೀಡುವವರು ಉತ್ತರಿಸಬೇಕಾಗುತ್ತದೆ. ಸಾಕಷ್ಟು ಸೂಚನೆ, ಎಚ್ಚರಿಕೆಗಳನ್ನು ನೀಡದಿರುವುದೂ ಇದರ ವ್ಯಾಪ್ತಿಗೆ ಬರಬಹುದು. ಆದುದರಿಂದ ಮಾರಾಟದ ಸಂದರ್ಭದಲ್ಲಿ ಈ ಕೆಳಗಿನವುಗಳನ್ನು ಬರಹದಲ್ಲಿ ಕೊಡುವುದು ಕ್ಷೇಮಕರ:

1. ಬಾಯಿ, ಒಳಪಟ್ಟಿ, ಮೇಲ್ಹಲಗೆ, ಮುಂಗಟ್ಟೆಗಳ ಅಳತೆಯುಳ್ಳ ನಕ್ಷೆ.
2. ಪ್ರತಿ ವಲಯದಲ್ಲಿ ಬಳಸಿದ ಸಾಮಗ್ರಿಯ ಹೆಸರು ಮತ್ತು ದಪ್ಪ.
3. ಜೋಡಣೆ ಮಾಡಿದ ಮೇಸ್ತ್ರಿಯ ಸಹಿ ಮತ್ತು ದಿನಾಂಕ.
4. ಗಾರೆ ಪೂರ್ಣವಾಗಿ ಒಣಗುವವರೆಗೆ ಬೆಂಕಿ ಹಾಕಬಾರದೆಂದೂ, ಮೊದಲ ಕೆಲವು ಬಾರಿ ಸಣ್ಣ ಬೆಂಕಿಯನ್ನೇ ಹಾಕಬೇಕೆಂದೂ ಸೂಚನೆ.
5. ವಾರ್ಷಿಕ ಶುಚಿಗೊಳಿಸುವಿಕೆಯ ವೇಳಾಪಟ್ಟಿ.

ಐದನೆಯ ಅಂಶವನ್ನು ವ್ಯಾಪಾರದ ಅವಕಾಶವಾಗಿಯೂ ಕಾಣಬಹುದು. ಮಳೆಗಾಲ ಮುಗಿದೊಡನೆ ಕೊಳವೆ ಗುಡಿಸಿ, ಸಂದುಗಳನ್ನು ಪರಿಶೀಲಿಸಿ ಕೊಡುವ ಸೇವೆಯನ್ನು ಕಲ್ಲಿನ ವ್ಯಾಪಾರಿ, ಬಡಗಿ, ಮೇಸ್ತ್ರಿಗಳು ಒಟ್ಟಾಗಿ ನೀಡಿದರೆ ಒಮ್ಮೆಯ ಮಾರಾಟ ವರ್ಷವರ್ಷದ ಸಂಬಂಧವಾಗುತ್ತದೆ. ಜಿಲ್ಲೆಯ ಕಲ್ಲು, ಕರಾವಳಿಯ ಹಂಚು, ತೋಟದ ಮರ ಇವು ಮೂರೂ ನಮ್ಮ ಕೈಯಳತೆಯಲ್ಲಿಯೇ ಇವೆ. ಅವುಗಳನ್ನು ತಕ್ಕ ಸ್ಥಳದಲ್ಲಿರಿಸಿ, ಕೆಲಸದ ಪೂರ್ಣ ಹೊಣೆಯನ್ನು ಹೊತ್ತು ಸಹಿ ಮಾಡಬಲ್ಲ ಸಂಸ್ಥೆಗಳು ಮುಂದೆ ಬರಬೇಕಾಗಿದೆ.