ಓಡುತ್ತಿರುವ ಕರ್ನಲ್‌ಗೆ ಪ್ಯಾಚ್ ಹಾಕುವಾಗ

ಡೇಟಾಬೇಸ್ ಸರ್ವರ್ ರೀಬೂಟ್ ಮಾಡುತ್ತೇವೆ ಎಂದು ಅನುಮತಿ ಕೇಳಿದರೆ ಸಿಗುವ ಉತ್ತರ ಒಂದೇ: "ತಿಂಗಳ ಕೊನೆಯ ಲೆಕ್ಕ ಮುಗಿಯಲಿ." ಭದ್ರತಾ ದೋಷ ಅಲ್ಲಿಯವರೆಗೆ ಸುಮ್ಮನಿರಬೇಕಲ್ಲ. 2016ರ ಅಕ್ಟೋಬರ್‌ನಲ್ಲಿ ಡರ್ಟಿ ಕೌ ಎಂಬ ಲಿನಕ್ಸ್ ಕರ್ನಲ್ ದೋಷ ಬಯಲಾದಾಗ, ಯಂತ್ರದೊಳಗೆ ಲಾಗಿನ್ ಇದ್ದ ಸಾಮಾನ್ಯ ಬಳಕೆದಾರನೂ ರೂಟ್ ಆಗಬಹುದಿತ್ತು. ರೀಬೂಟ್ ಇಲ್ಲದೆ ಕರ್ನಲ್ ದುರಸ್ತಿ ಮಾಡುವ ಲೈವ್ ಪ್ಯಾಚಿಂಗ್ ಕಡೆ ನಾನು ತಿರುಗಿದ್ದು ಆ ಒತ್ತಡದಲ್ಲಿ.

ಅದರ ತಂತ್ರ ನನಗೆ ಇವತ್ತಿಗೂ ಬಲು ಇಷ್ಟ. ಕರ್ನಲ್‌ನ ಬಹುತೇಕ ಫಂಕ್ಷನ್‌ಗಳ ಆರಂಭದಲ್ಲಿ, ಕರ್ನಲ್‌ನದೇ ಜಾಡು ಹಿಡಿಯುವ ಸಾಧನವಾದ ಎಫ್‌ಟ್ರೇಸ್‌ಗೆಂದು ಪುಟ್ಟ ಜಾಗ ಬಿಟ್ಟಿರುತ್ತಾರೆ. ಪ್ಯಾಚ್ ಮಾಡ್ಯೂಲ್ ಲೋಡ್ ಆದಾಗ ಅಲ್ಲಿಂದಲೇ ದಾರಿ ಹೊಸ ಫಂಕ್ಷನ್‌ಗೆ ಹೊರಳುತ್ತದೆ. ಹಳೆಯ ಕೋಡ್ ಮೆಮೊರಿಯಲ್ಲಿ ಹಾಗೇ ಉಳಿದಿರುತ್ತದೆ. 2015ರ ಲಿನಕ್ಸ್ 4.0ರಿಂದ ಈ ಸೌಲಭ್ಯ ಮುಖ್ಯ ಕರ್ನಲ್‌ನಲ್ಲೇ ಇದೆ.

ಮಾಡ್ಯೂಲ್ ಲೋಡ್ ಆದ ಕೂಡಲೇ ಕೆಲಸ ಮುಗಿಯಿತೆಂದು ಎದ್ದು ಹೋಗಬಾರದು. 4.12ರ ನಂತರ ಪ್ರತಿ ಪ್ರೋಸೆಸ್ ತನ್ನ ಪಾಡಿಗೆ ತಾನು ಹೊಸ ಕೋಡ್‌ಗೆ ದಾಟುತ್ತದೆ. ಹಳೆಯ ಫಂಕ್ಷನ್ ಅದರ ಸ್ಟ್ಯಾಕ್‌ನಲ್ಲಿ ಇರುವವರೆಗೆ ದಾಟದು. ದಾಟುವಿಕೆ ನಡೆಯುತ್ತಿರುವಾಗ ಪ್ಯಾಚ್‌ನ ಟ್ರಾನ್ಸಿಷನ್ ಫೈಲ್ 1 ಎನ್ನುತ್ತದೆ, ಮುಗಿದರೆ 0. ಒಮ್ಮೆ ನಮ್ಮಲ್ಲಿ ಅದು 1 ಎಂದೇ ತೋರಿಸುತ್ತ ಕೂತಿತು, 0ಗೆ ಇಳಿಯಲೇ ಇಲ್ಲ. ಪ್ರೋಕ್ ಡೈರೆಕ್ಟರಿಯಲ್ಲಿ ಪ್ರತಿ ಪ್ರೋಸೆಸ್‌ನ ಪ್ಯಾಚ್ ಸ್ಟೇಟ್ ಓದಿಸಿದೆವು. ಎಲ್ಲವೂ 1, ಅಂದರೆ ಹೊಸ ಕೋಡ್‌ಗೆ ದಾಟಿದ್ದವು; ಒಂದು ಬ್ಯಾಕಪ್ ಪ್ರೋಸೆಸ್ ಮಾತ್ರ 0, ಇನ್ನೂ ಹಳೆಯದರಲ್ಲೇ. ಉತ್ತರ ಕೊಡದ ಎನ್‌ಎಫ್‌ಎಸ್ ಸರ್ವರ್‌ಗಾಗಿ ಕಾಯುತ್ತ, ನಾವು ಬದಲಿಸಬೇಕಿದ್ದ ಫಂಕ್ಷನ್‌ನ ಒಳಗೇ ಅದು ಡಿ ಸ್ಥಿತಿಯಲ್ಲಿ, ಅಂದರೆ ಸುಲಭಕ್ಕೆ ಎಬ್ಬಿಸಲಾಗದಂತೆ, ನಿದ್ದೆಹೋಗಿತ್ತು. ಸಾಮಾನ್ಯ ಸಿಗ್ನಲ್‌ಗೆ ಜಗ್ಗಲಿಲ್ಲ. ಕೊಂದುಬಿಡೋಣವೆಂದರೆ ಬ್ಯಾಕಪ್ ತಂಡ ಒಪ್ಪಲಿಲ್ಲ. ಎನ್‌ಎಫ್‌ಎಸ್ ಸರ್ವರ್ ಮತ್ತೆ ಎದ್ದ ಮೇಲೆಯೇ ಫೈಲ್ 0ಗೆ ಇಳಿದದ್ದು. ಅಂದಿನಿಂದ ಆ ಫೈಲ್ ನೋಡದೆ ಟಿಕೆಟ್ ಮುಚ್ಚಲು ನಾನು ಯಾರನ್ನೂ ಬಿಡುವುದಿಲ್ಲ.

ಇನ್ನೊಂದು ತಲೆನೋವು ಆಡಿಟ್‌ನದು. ಪ್ಯಾಚ್ ಬಿದ್ದ ಮೇಲೂ ಯುನೇಮ್ ಆಜ್ಞೆ ಕರ್ನಲ್‌ನ ಹಳೆಯ ಆವೃತ್ತಿಯನ್ನೇ ಹೇಳುತ್ತದೆ. ಅದನ್ನಷ್ಟೇ ನೋಡುವ ಸ್ಕ್ಯಾನರ್ ದೋಷ ಹಾಗೇ ಇದೆ ಎಂದು ವರದಿ ಕೊಡುತ್ತದೆ. ಹಾಕಿದ ಲೈವ್ ಪ್ಯಾಚ್‌ಗಳ ಪಟ್ಟಿಯನ್ನು ಮೊದಲೇ ತೆಗೆದಿಟ್ಟುಕೊಂಡರೆ ವಾದ ಬೇಗ ಮುಗಿಯುತ್ತದೆ.

ಎಲ್ಲ ದುರಸ್ತಿಯೂ ಈ ದಾರಿಯಲ್ಲಿ ಬರುವುದಿಲ್ಲ. ಡೇಟಾ ಸ್ಟ್ರಕ್ಚರ್‌ನ ರೂಪವೇ ಬದಲಾಗುವಂತಿದ್ದರೆ ಲೈವ್ ಪ್ಯಾಚ್ ಬರೆಯುವುದು ತುಂಬಾ ಕಷ್ಟ. ಅಲ್ಲದೆ, ವರ್ಷಗಟ್ಟಲೆ ರೀಬೂಟ್ ಕಾಣದ ಯಂತ್ರವನ್ನು ಕೆಲವರು ಹೆಮ್ಮೆಯಿಂದ ತೋರಿಸುತ್ತಾರೆ. ನನಗೆ ಅದನ್ನು ಕಂಡರೆ ಭಯ. ಎಫ್‌ಎಸ್‌ಟ್ಯಾಬ್‌ನಲ್ಲಿ ಯಾರೋ ಎಂದೋ ಸೇರಿಸಿದ ಸಾಲು ತಪ್ಪಿದ್ದರೆ ಅದು ಗೊತ್ತಾಗುವುದು ಬೂಟ್ ಆಗುವಾಗ. ವಿದ್ಯುತ್ ಕೈಕೊಟ್ಟ ಅಪರಾತ್ರಿ ಗೊತ್ತಾಗುವುದಕ್ಕಿಂತ ನಾವೇ ಗೊತ್ತುಮಾಡಿದ ಭಾನುವಾರ ಗೊತ್ತಾಗುವುದು ಮೇಲು. ಆದ್ದರಿಂದ ಲೈವ್ ಪ್ಯಾಚ್ ಹಾಕಿದ ದಿನವೇ ಮುಂದಿನ ರೀಬೂಟ್‌ನ ದಿನಾಂಕವನ್ನೂ ಮೇಲಿನವರಿಂದ ಬರೆಸಿಕೊಳ್ಳಿ.