ಒಂದು ಗಣಕ, ಎರಡು ವ್ಯವಸ್ಥೆ: ಹಳೆಯ ಯಂತ್ರದಲ್ಲಿ ಜಾಗ ಮಾಡಿಕೊಳ್ಳುವ ಕ್ರಮ

ತಮಿಳುನಾಡು ಸರ್ಕಾರವು 2011ರಲ್ಲಿ ಸರ್ಕಾರಿ ಹಾಗೂ ಅನುದಾನಿತ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ನೀಡುವ ಯೋಜನೆಯನ್ನು ಆರಂಭಿಸಿತು. ಆರಂಭದ ವರ್ಷಗಳ ಯಂತ್ರಗಳು ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಹೊತ್ತು ಬಂದವು. ಒಂದು ವಿಂಡೋಸ್, ಇನ್ನೊಂದು ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಲಿನಕ್ಸನ್ನು ಆಧರಿಸಿ ರೂಪಿಸಿದ ಬಾಸ್. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು ಸುತ್ತಿನ ಕನ್ನಡ ಮನೆಗಳಲ್ಲಿ ಅಣ್ಣನಿಗೋ ಅಕ್ಕನಿಗೋ ದೊರೆತ ಅಂತಹ ಯಂತ್ರವು ಕಿರಿಯರ ಕೈಗೆ ದಾಟಿ ಇಂದಿಗೂ ದುಡಿಯುತ್ತಿರುವುದುಂಟು.

ಇಂತಹ ಗಣಕವು ‘ಜಾಗವಿಲ್ಲ’ ಎಂದು ಸೂಚಿಸಿದಾಗ ವಿದ್ಯಾರ್ಥಿಯ ಕೈ ಮೊದಲು ಹೋಗುವುದು ತಾನೇ ಬರೆದ ಹಳೆಯ ಕಡತಗಳ ಮೇಲೆ. ಕಿರುಪ್ರಬಂಧ, ಅಜ್ಜಿ ಹೇಳಿದ ಸೋಬಾನೆ ಪದಗಳ ಬರಹರೂಪ, ಊರಿನ ಶಾಸನವನ್ನು ನೋಡಿ ಮಾಡಿಕೊಂಡ ಟಿಪ್ಪಣಿ, ಇವೆಲ್ಲ ‘ಹಳೆಯವು’ ಎಂಬ ಕಾರಣಕ್ಕೆ ಅಳಿದುಹೋಗುತ್ತವೆ. ಗಡಿನಾಡಿನಲ್ಲಿ ಇಂತಹ ಬರಹಕ್ಕೆ ಎರಡನೆಯ ಪ್ರತಿ ಇರುವುದು ಅಪರೂಪ. ಅಳಿಸಿದ್ದರಿಂದ ದೊರೆಯುವ ಜಾಗವಾದರೂ ಎಷ್ಟು? ಲೆಕ್ಕ ಹಾಕಿ ನೋಡೋಣ.

ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಇಲ್ಲಿ ಎಣಿಸಬೇಕಾದುದು ಅಕ್ಷರಗಳನ್ನಲ್ಲ, ಸಂಕೇತಗಳನ್ನು; ಮೂಲಾಕ್ಷರ, ಸ್ವರಚಿಹ್ನೆ, ವಿರಾಮಚಿಹ್ನೆಯಾದ ಹಲಂತ, ಇವು ಬೇರೆ ಬೇರೆ. ‘ಹೊಸೂರು’ ಎಂಬಲ್ಲಿ ನಮ್ಮ ಕಣ್ಣಿಗೆ ಅಕ್ಷರ ಮೂರು. ಗಣಕಕ್ಕೆ ಹ, ಒತ್ವ, ಸ, ಊತ್ವ, ರ, ಉತ್ವ ಎಂದು ಸಂಕೇತ ಆರು. ಒಟ್ಟು 18 ಬೈಟು. ಪುಟವೊಂದಕ್ಕೆ 1,500 ಸಂಕೇತಗಳೆಂದು ಹಿಡಿದರೆ 4,500 ಬೈಟು. 300 ಪುಟಗಳ ಗ್ರಂಥದ ಬರಿಯ ಪಠ್ಯಕ್ಕೆ ಸುಮಾರು 1.35 ಎಂಬಿ ಸಾಕು. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೇ ಎಷ್ಟೋ ವೇಳೆ ಇದಕ್ಕಿಂತ ದೊಡ್ಡದು. ಆದುದರಿಂದ ಬರಹವನ್ನು ಅಳಿಸಿ ಜಾಗ ಪಡೆಯುವುದು, ಕಣಜ ಬರಿದು ಮಾಡಲು ಸಾಸಿವೆ ಕಾಳು ಹೆಕ್ಕಿದಂತೆ.

ಹಾಗಾದರೆ ಜಾಗವನ್ನು ತುಂಬಿರುವುದು ಯಾವುದು? ಮರಾಠಿಯಲ್ಲಿ ‘ಕಚರಾ’ ಬೇರೆ, ‘ಅಡಗಳ’ ಬೇರೆ. ಮೊದಲನೆಯದು ಎಸೆಯತಕ್ಕ ಕಸ. ಎರಡನೆಯದು ಬಳಕೆ ತಪ್ಪಿ ಅಡ್ಡವಾಗಿ ಬಿದ್ದಿರುವ ಸಾಮಾನು, ನಾವು ಅಟ್ಟಕ್ಕೆ ಏರಿಸುವಂಥದು. ಗಣಕದಲ್ಲಿಯೂ ಈ ವಿಂಗಡಣೆ ಮೊದಲು ನಡೆಯಬೇಕು. ವ್ಯವಸ್ಥೆಯು ತಾನೇ ಮತ್ತೆ ಸೃಷ್ಟಿಸಿಕೊಳ್ಳಬಲ್ಲದ್ದು ಕಸ. ಚಲನಚಿತ್ರ, ಚಿತ್ರಗಳ ರಾಶಿ, ಸ್ಕ್ಯಾನ್ ಮಾಡಿದ ಪುಸ್ತಕಗಳು ಅಟ್ಟದ ಸಾಮಾನು. ಅವನ್ನು ಹೊರಗಿನ ಡಿಸ್ಕಿಗೆ ಸಾಗಿಸಬಹುದು. ಮತ್ತೆ ಹುಟ್ಟಿಸಲಾಗದ ಸ್ವಂತ ಬರಹ ಮತ್ತು ಧ್ವನಿಮುದ್ರಣಗಳು ಪೆಟ್ಟಿಗೆಯ ಒಡವೆ.

ವಿಂಡೋಸಿನ ಕಸ: ಸಿ ಡ್ರೈವಿನ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ ತೆರೆದು, ‘ಡಿಸ್ಕ್ ಕ್ಲೀನಪ್’ ಆರಿಸಿ, ಬಳಿಕ ‘ಕ್ಲೀನಪ್ ಸಿಸ್ಟಂ ಫೈಲ್ಸ್’ ಒತ್ತಿ. ತಾತ್ಕಾಲಿಕ ಕಡತಗಳು, ಹಳೆಯ ಪರಿಷ್ಕರಣೆಗಳ ಉಳಿಕೆ ಇಲ್ಲಿ ಹೋಗುತ್ತವೆ. ವಿಂಡೋಸ್ 10ರ ಕೆಲವು ಆವೃತ್ತಿಗಳಲ್ಲಿ ಈ ಪಟ್ಟಿಯೊಳಗೆ ‘ಡೌನ್‌ಲೋಡ್ಸ್’ ಕೋಶವೂ ಸೇರಿರುತ್ತದೆ. ಅದರ ಗುರುತನ್ನು ತೆಗೆದ ಮೇಲೆಯೇ ಮುಂದುವರಿಯಬೇಕು. ಇನ್ನೊಂದು ದೊಡ್ಡ ಕಡತ ಹೈಬರ್ನೇಶನ್‌ನದು. ವಿಂಡೋಸ್ 7ರಲ್ಲಿ ಅದು ಸಾಮಾನ್ಯವಾಗಿ ರ‍್ಯಾಮ್‌ನ ಶೇ. 75ರಷ್ಟಿರುತ್ತದೆ, 2 ಜಿಬಿ ರ‍್ಯಾಮ್ ಇದ್ದರೆ 1.5 ಜಿಬಿ. ಮೇಲಿನ ಲೆಕ್ಕದಂತೆ ಇದು ಸಾವಿರಕ್ಕೂ ಹೆಚ್ಚು ಗ್ರಂಥಗಳ ಜಾಗ. ಆಡಳಿತಾಧಿಕಾರದೊಂದಿಗೆ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ -ಎಚ್ ಆಫ್’ ಎಂಬ ಆಜ್ಞೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಕೊಟ್ಟರೆ ಆ ಕಡತ ಇಲ್ಲವಾಗುತ್ತದೆ. ಇದರಿಂದ ಮತ್ತೊಂದು ಪ್ರಯೋಜನವಿದೆ. ವಿಂಡೋಸ್ ಪೂರ್ಣವಾಗಿ ಮುಚ್ಚದೆ ಹೈಬರ್ನೇಶನ್‌ನಲ್ಲಿ ಮಲಗಿದ್ದರೆ, ಅದರ ಭಾಗವನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ.

ಲಿನಕ್ಸಿನ ಕಸ: ಡೆಬಿಯನ್ ಪರಂಪರೆಯ ವ್ಯವಸ್ಥೆಗಳು ಇಳಿಸಿಕೊಂಡ ತಂತ್ರಾಂಶದ ಕಟ್ಟುಗಳನ್ನು ಸ್ಥಾಪನೆಯ ನಂತರವೂ ಇಟ್ಟುಕೊಂಡಿರುವುದುಂಟು. ಟರ್ಮಿನಲ್‌ನಲ್ಲಿ ‘ಸುಡೊ ಆಪ್ಟ್-ಗೆಟ್ ಕ್ಲೀನ್’ ಎಂದರೆ ಅವು ತೆರವಾಗುತ್ತವೆ. ‘ಸುಡೊ ಆಪ್ಟ್-ಗೆಟ್ ಆಟೊರಿಮೂವ್’ ಎಂದರೆ ಯಾವುದಕ್ಕೂ ಬೇಡವಾದ ಉಪತಂತ್ರಾಂಶಗಳು ಹೋಗುತ್ತವೆ. ಒಪ್ಪಿಗೆ ಕೊಡುವ ಮುನ್ನ ಅದು ತೋರಿಸುವ ಪಟ್ಟಿಯನ್ನು ಓದಬೇಕು. ‘ಬೂಟ್’ ಕೋಶದಲ್ಲಿರುವ ಕರ್ನಲ್ ಕಡತಗಳನ್ನು ಮಾತ್ರ ಎಂದಿಗೂ ಕೈಯಿಂದ ಅಳಿಸಬಾರದು.

ಎರಡು ವ್ಯವಸ್ಥೆಗಳು ಒಂದೇ ಸೂರಿನಡಿ ಇರುವುದರಿಂದ ಬರುವ ತೊಡಕುಗಳು ಬೇರೆ. ಅವುಗಳಲ್ಲಿ ನಾಲ್ಕನ್ನು ತಿಳಿದಿರಬೇಕು.

ಮೊದಲನೆಯದು, ಅಳತೆಯ ಭೇದ. 320 ಜಿಬಿ ಎಂದು ಮಾರಿದ ಡಿಸ್ಕನ್ನು ವಿಂಡೋಸ್ 298 ಜಿಬಿ ಎನ್ನುತ್ತದೆ. ತಯಾರಕರು ಸಾವಿರದಿಂದ ಗುಣಿಸುತ್ತಾರೆ, ವಿಂಡೋಸ್ 1,024ರಿಂದ. ಲಿನಕ್ಸಿನ ಹಲವು ಸಾಧನಗಳು ಸಾವಿರವನ್ನೇ ಹಿಡಿಯುತ್ತವೆ. ಕಳೆದುಹೋದದ್ದು ಏನೂ ಇಲ್ಲ.

ಎರಡನೆಯದು, ಕಾಣದ ಕಸದ ಬುಟ್ಟಿ. ಲಿನಕ್ಸಿನಲ್ಲಿ ನಿಂತು ವಿಂಡೋಸ್ ಭಾಗದ ಕಡತವನ್ನು ಅಳಿಸಿದರೆ, ಅದು ಅದೇ ಭಾಗದಲ್ಲಿ ‘ಟ್ರ್ಯಾಶ್-1000’ ಎಂಬಂತಹ ಚುಕ್ಕಿಯಿಂದ ಆರಂಭವಾಗುವ ಹೆಸರಿನ ಕೋಶದಲ್ಲಿ ಉಳಿಯುತ್ತದೆ. ವಿಂಡೋಸಿನ ಬುಟ್ಟಿಯನ್ನು ಎಷ್ಟು ಸಲ ಬರಿದು ಮಾಡಿದರೂ ಆ ಜಾಗ ಮರಳದು. ಲಿನಕ್ಸಿಗೆ ಹೋಗಿ ಅಲ್ಲಿನ ಬುಟ್ಟಿಯನ್ನೇ ಬರಿದು ಮಾಡಬೇಕು.

ಮೂರನೆಯದು, ಒಂದರ ಮನೆ ಇನ್ನೊಂದಕ್ಕೆ ಬಯಲಾಗಿ ತೋರುವುದು. ಲಿನಕ್ಸಿನ ಭಾಗವನ್ನು ವಿಂಡೋಸ್ ಓದಲಾರದು. ಕೆಲವೊಮ್ಮೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಹೌದೆಂದರೆ ಅದರಲ್ಲಿರುವುದೆಲ್ಲ ನಾಶ.

ನಾಲ್ಕನೆಯದು, ಲಿನಕ್ಸನ್ನೇ ತೆಗೆದುಹಾಕುವ ಆತುರ. ಗಣಕ ಹೊತ್ತುವಾಗ ‘ಯಾವ ವ್ಯವಸ್ಥೆ?’ ಎಂದು ಕೇಳುವ ಗ್ರಬ್ ಎಂಬ ಬಾಗಿಲಕಾವಲುಗಾರನ ಮುಖ್ಯ ಕಡತಗಳು ಲಿನಕ್ಸ್ ಭಾಗದಲ್ಲಿರುತ್ತವೆ. ಆ ಭಾಗವನ್ನು ಅಳಿಸಿದರೆ ವಿಂಡೋಸ್ ಹಾಳಾಗದೆ ಉಳಿದರೂ ಅದರ ಬಾಗಿಲು ತೆರೆಯದೆ ಹೋಗಬಹುದು. ಮೊದಲು ವಿಂಡೋಸಿನ ಸ್ವಂತ ಬೂಟ್ ವ್ಯವಸ್ಥೆಯನ್ನು ಮರುಸ್ಥಾಪಿಸಿ, ಆಮೇಲೆ ಭಾಗವನ್ನು ಮುಟ್ಟಬೇಕು.

ಕನ್ನಡ ವಿದ್ಯಾರ್ಥಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ‘ಬಳಸದ ತಂತ್ರಾಂಶ’ ಎಂದು ನುಡಿ ಅಥವಾ ಬರಹವನ್ನು ತೆಗೆದುಹಾಕುವ ಮುನ್ನ ಹಳೆಯ ಕಡತಗಳನ್ನು ತೆರೆದು ನೋಡಬೇಕು. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಪದ್ಧತಿಯಲ್ಲಿ ಬರೆದ ಕಡತವು ಅದರದೇ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತದೆ. ಕಂಡವರು ಕಡತ ಕೆಟ್ಟಿದೆಯೆಂದು ಅದನ್ನೂ ಅಳಿಸುತ್ತಾರೆ. ವಾಸ್ತವವಾಗಿ ಬರಹ ಕ್ಷೇಮವಾಗಿಯೇ ಇರುತ್ತದೆ. ಓದುವ ಕೀಲಿ ಮಾತ್ರ ಕಳೆದಿರುತ್ತದೆ. ಆದ್ದರಿಂದ ಮೊದಲು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮೂಲದೊಡನೆ ಹೋಲಿಸಿ, ಎರಡು ಕಡೆ ಪ್ರತಿ ಇಟ್ಟು, ಆಮೇಲೆ ಹಳೆಯ ತಂತ್ರಾಂಶದ ಮಾತು.

ಒಟ್ಟು ಕ್ರಮ ಇಷ್ಟು: ಮೊದಲು ಪ್ರತಿ, ಅನಂತರ ಅಳತೆ, ಬಳಿಕ ಕಸ, ಆಮೇಲೆ ಅಟ್ಟ, ಡಿಸ್ಕಿನ ವಿಭಾಗಗಳನ್ನು ಮುಟ್ಟುವುದು ಕಟ್ಟಕಡೆಗೆ. ಇದು ತಿರುವುಮುರುವಾದರೆ ಜಾಗ ಸಿಕ್ಕೀತು, ಅದರಲ್ಲಿ ಇಡಬೇಕಾದುದು ಉಳಿಯಲಾರದು.

ಅಭ್ಯಾಸ

1. ‘ಕೃಷ್ಣಗಿರಿ’, ‘ಡೆಂಕಣಿಕೋಟೆ’ ಪದಗಳ ಸಂಕೇತಗಳನ್ನು ಬಿಡಿಸಿ ಎಣಿಸಿರಿ. ಮೊದಲನೆಯದಕ್ಕೆ 27, ಎರಡನೆಯದಕ್ಕೆ 30 ಬೈಟು ಬರಬೇಕು. ಮೊದಲನೆಯದರಲ್ಲಿ ಹಲಂತವನ್ನು ಮರೆಯದಿರಿ.

2. ನಿಮ್ಮ ಮನೆಯ ಗಣಕದ ಅತಿ ದೊಡ್ಡ ಹತ್ತು ಕಡತಗಳನ್ನು ಪಟ್ಟಿ ಮಾಡಿ ಕಸ, ಅಟ್ಟ, ಒಡವೆ ಎಂದು ವಿಂಗಡಿಸಿರಿ.

3. ಸ್ವಂತ ಬರಹಗಳಲ್ಲಿ ಒಂದೇ ಪ್ರತಿಯಿರುವವು ಎಷ್ಟೆಂದು ಎಣಿಸಿ, ಅಂದೇ ಎರಡನೆಯ ಪ್ರತಿಯನ್ನು ಮಾಡಿರಿ.